ದಡ ಸೇರಿಸಿದವರ ನಡುವೆ

ಸುಂಕಸಾಳ, ಅಂಕೋಲಾ ತಾಲೂಕು
ಮೇ ೧೮, ರವಿವಾರ

ಪ್ರೀತಿಯ ಯೋಗಿತಾ,

ನಿನಗೂ ನಮ್ಮ ದೀಕ್ಷಾಳಿಗೂ ಈ ಆಯಿಯ ಮನಸಾರೆ ಆಶೀರ್ವಾದ. ನೀವಿಬ್ಬರೂ ಹೇಗಿದ್ದೀರಿ? ನಿನಗೆ ಬೆನ್ನುನೋವು ಎಂದು ನಿನ್ನ ಅಣ್ಣ ಗಿರಿಧರ ಫೋನಿನಲ್ಲಿ ಹೇಳಿದ. ಮಾಜಾಳಿಯಿಂದ ದಿನವೂ ಗೋವೆಯ ಕಾರ್ಖಾನೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಅಲ್ಲಿಯೂ ನಿಂತೇ ಕೆಲಸ ಮಾಡಿ ಬಂದರೆ ಬೆನ್ನು ಸುಮ್ಮನಿರುತ್ತದೆಯೇ? ಸಂಜೆ ಅಮ್ಮನ ಕೈಯಲ್ಲಿ ಸ್ವಲ್ಪ ಎಣ್ಣೆ ತಿಕ್ಕಿಸಿಕೊ. ಅವರ ಆಪರೇಷನ್ ಆದ ಜಾಗ ಈಗ ನೋಯುವುದಿಲ್ಲ ತಾನೇ? ದೀಕ್ಷಾ ಈ ಜೂನಿಗೆ ಒಂದನೇ ತರಗತಿಗೆ ಸೇರುತ್ತಾಳೆಂದು ಕೇಳಿ ಕುಳಿತಲ್ಲೇ ನಕ್ಕೆ. ಅವಳ ಅಪ್ಪ ಅಶೋಕ ಶಾಲೆಗೆ ಸೇರಿದ ದಿನ ನನ್ನ ಸೆರಗು ಹಿಡಿದುಕೊಂಡು ಬಿಸಿಯೂಟದ ಅಡುಗೆಮನೆಯವರೆಗೂ ಬಂದು ಅತ್ತಿದ್ದ. ಇವಳು ಹಾಗೆ ಮಾಡಲಿಕ್ಕಿಲ್ಲ, ನಿನ್ನ ಹಾಗೆ ಗಟ್ಟಿ. ಈ ಪತ್ರದ ಜೊತೆ ಕರಿ ಇಶಾಡು ಮಾವಿನಹಣ್ಣು ಕಳಿಸಿದ್ದೇನೆ. ಮೇಲಿನವು ಹಣ್ಣಾಗಿವೆ, ಕೆಳಗಿನವನ್ನು ಹುಲ್ಲಿನಲ್ಲಿ ಮುಚ್ಚಿಡು.

ಫೋನ್ ಇರುವಾಗ ಮುದುಕಿ ಪತ್ರ ಬರೆಯುತ್ತಾಳಲ್ಲ ಎಂದುಕೊಳ್ಳಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಮಳೆ, ಬೆಳೆ ಎಂದು ಬೇರೆ ಮಾತೇ ಎತ್ತುತ್ತೇನೆ. ನೀನೂ ಹೂಂ, ಹೂಂ ಎಂದು ಇಟ್ಟುಬಿಡುತ್ತೀ. ಬರುವ ತಿಂಗಳು ಅಶೋಕನ ವರ್ಷಾಂತಿಕ. ಹೆಂಡತಿ, ಮಗಳು ಇಲ್ಲದೆ ಅವನಿಗೆ ಎಡೆ ಇಡುವುದು ಹೇಗೆ? ಆದರೆ ನೀನು ಈ ಊರನ್ನು ಬಿಟ್ಟು ಹೋಗುವಾಗ ಅಂಗಳದಲ್ಲಿ ನಿಂತು ಎಲ್ಲರೆದುರು ಒಂದು ಪ್ರಶ್ನೆ ಕೇಳಿದ್ದೆ: "ಅವ್ರನ್ನ ನೀರಿಗೆ ಕರ್ದವ್ರು ಯಾರು? ಒಬ್ರಾದ್ರೂ ಹೇಳಿ!" ಆ ಪ್ರಶ್ನೆಗೆ ಉತ್ತರ ಕೊಡದೆ ನಿನ್ನನ್ನು ಬಾ ಎಂದು ಕರೆಯುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಕಳೆದ ಜೂನಿನಲ್ಲಿ ನೆರೆ ಬಂದಾಗ ನೀನು ಅಮ್ಮನ ಆಪರೇಷನ್ನಿಗೆಂದು ಮಾಜಾಳಿಗೆ ಹೋಗಿದ್ದೆ. ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಗಾಳಿ ಬಂದರೆ ಕಾರವಾರಕ್ಕೆ, ಅಂಕೋಲೆಯ ದಂಡೆಗೆ, ಇಷ್ಟು ಒಳಗಿರುವ ನಮಗೇನು ಎಂದುಕೊಂಡೆವು. ಗಾಳಿ ತೆಂಗಿನಮರಗಳನ್ನು ಬೀಳಿಸಿ ಹೋಯಿತು, ಮಳೆ ಮಾತ್ರ ಹೋಗಲಿಲ್ಲ. ಘಟ್ಟದ ಮೇಲಿನ ನೀರೆಲ್ಲ ಗಂಗಾವಳಿಗೆ ಬಂತು. ಬೆಳಗಾಗುವಾಗ ಹೊಳೆ ಗದ್ದೆ ದಾಟಿ ಕೆಳಕೇರಿಯ ಮನೆಗಳ ಕಿಟಕಿ ಮುಟ್ಟಿತ್ತು. ನಾವು ಮನೆಯ ಮಾಡಿನಷ್ಟು ಎತ್ತರದ ದಿಬ್ಬ ಹತ್ತಿ ಶಾಲೆ ಸೇರಿದ್ದೆವು. ಅಶೋಕ ದೋಣಿ ಬಿಚ್ಚಿಕೊಂಡು ಕೆಳಕೇರಿಯವರನ್ನು ಒಂದೊಂದೇ ಮನೆಯಿಂದ ತರುತ್ತಿದ್ದ. ಬಾಣಂತಿಯನ್ನು ತಂದ, ಹಾಸಿಗೆ ಹಿಡಿದ ಮುದುಕರನ್ನು ತಂದ. ಸಾಕೆಂದು ನಾನು ಅವನಿಗೆ ಚಹಾ ಕೊಡುವಾಗ ಹೊಳೆಯ ಕಡೆಯಿಂದ ಕೂಗು ಕೇಳಿತು. ಕೆಳಕೇರಿಯ ಹುಲಿಯಾ ಮಾವ ಹೆಂಡತಿ ಮಾಸ್ತಮ್ಮನನ್ನು ಹಂಚಿನ ಮೇಲೆ ಹತ್ತಿಸಿಕೊಂಡು ಕೂಗುತ್ತಿದ್ದ. ಯಾರ ಹೆಸರನ್ನೂ ಹಿಡಿದು ಕೂಗಲಿಲ್ಲ ಯೋಗಿತಾ. ಬರೀ "ಓ... ಓ..." ಎಂಬ ಕೂಗು. ನೀರಿಗೋ, ದೇವರಿಗೋ, ಯಾರಿಗೆ ಕೂಗಿದನೋ. ನಾನು ಅಶೋಕನ ಅಂಗಿ ಹಿಡಿದೆ. ಅವನು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, "ಆಯೀ, ಅವ್ರು ಕೂಗ್ತಾ ಇದ್ರೆ ನಾ ಚಾ ಕುಡೀತಾ ಕೂತ್ಕಳ್ಳೂದು ಹ್ಯಾಂಗೆ? ಹೋಗ್ಬತ್ತೆ" ಎಂದ.

ಮಾಸ್ತಮ್ಮನನ್ನು ದಡಕ್ಕೆ ತಂದು ಬಿಟ್ಟ. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ದೋಣಿ ಮಗುಚೀತೆಂದು ಹುಲಿಯಾ ಮಾವ ತಾನೇ ಹಿಂದೆ ಉಳಿದಿದ್ದ. ಅವನನ್ನೂ ಹತ್ತಿಸಿಕೊಂಡು ತಿರುಗುವಾಗ ಬುಡಮೇಲಾದ ದೊಡ್ಡ ಮರವೊಂದು ತೇಲಿಬಂದು ದೋಣಿಗೆ ಬಡಿಯಿತು. ಹುಲಿಯಾ ಮಾವನ ಕೈಗೆ ತೆಂಗಿನಮರ ಸಿಕ್ಕಿತು. ಅಶೋಕನ ಕೈಗೆ ಏನೂ ಸಿಗಲಿಲ್ಲ. ಎರಡು ದಿನ ಬಿಟ್ಟು ಕೆಳಗೆ ಮಂಜಗುಣಿಯ ಹತ್ತಿರ ಮೀನುಗಾರರು ಅವನನ್ನು ಕಂಡರು. ಹೆದ್ದಾರಿಯಲ್ಲಿ ಗುಡ್ಡ ಕುಸಿದು ನೀನು ಕಾರವಾರದಾಚೆ ಸಿಕ್ಕಿಬಿದ್ದೆ, ರಸ್ತೆ ನೀರಲ್ಲಿ ಮುಳುಗಿ ನಾನು ಇಲ್ಲಿ. ಕೊನೆಗೆ ಅವನ ಮುಖ ಕಂಡದ್ದು, ಬೆಂಕಿ ಕೊಟ್ಟದ್ದು ಕಾಡುದಾರಿಯಲ್ಲಿ ನಡೆದು ಅಲ್ಲಿಗೆ ಹೋದ ನನ್ನ ಕಿರಿಮಗ ರಾಜು ಒಬ್ಬನೇ. ಏನು ನೋಡಿದೆ ಎಂದು ಅವನು ಈವರೆಗೆ ನನಗೆ ಹೇಳಿಲ್ಲ, ನಾನು ಕೇಳಿಲ್ಲ. ಇಷ್ಟೇ ನಡೆದದ್ದು. ಅವನನ್ನು ಯಾರೂ ಕರೆಯಲಿಲ್ಲ. ಅವನಿಗೆ ಕೇಳಿಸಿತು.

ಆಮೇಲೆ ಶಾಲೆಯಲ್ಲೇ ಊರಿಗೆಲ್ಲ ಗಂಜಿ ಕೇಂದ್ರ ಮಾಡಿದರು. ನಾನು ಇಷ್ಟು ವರ್ಷ ಅಡುಗೆ ಮಾಡಿದ ಶಾಲೆ. ಆದರೆ ನಾನು ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಯಾರೋ ಅನ್ನ ಬೇಯಿಸುತ್ತಿದ್ದರು, ಸೀದ ವಾಸನೆ ಬರುತ್ತಿತ್ತು, ಏಳಬೇಕೆನ್ನಿಸಲಿಲ್ಲ. ಎದುರಿನ ಗೋಡೆಗೆ ಒರಗಿ ಮಾಸ್ತಮ್ಮ ಕುಳಿತಿದ್ದಳು. ಮೊದಲು ಮಗ್ಗಲು ತಿರುಗಿ ಅವಳನ್ನು ನೋಡಿದಾಗಲೆಲ್ಲ ಮನಸ್ಸಿನಲ್ಲೇ ಶಪಿಸುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಇಷ್ಟು ಹಣ್ಣಾದ ಜೀವ ಇಲ್ಲಿ ಕುಳಿತಿದೆ, ನನ್ನ ಹುಡುಗ ಎಲ್ಲಿ ಎಂದು. ಆಮೇಲೆ ಗೊತ್ತಾಯಿತು, ದಡಕ್ಕೆ ಬಂದಂದಿನಿಂದ ಅವಳು ಒಂದು ಅಗುಳು ಬಾಯಿಗಿಟ್ಟಿಲ್ಲ. ಹೆಂಗಸರು ಬೈದರು, ದಮ್ಮಯ್ಯ ಎಂದರು. ನನ್ನ ಹೆಸರು ಹಿಡಿದು ಅವಳದು ಒಂದೇ ಮಾತು: "ಜಾನಕಿ ಮಗನ್ನ ತಿಂದ ಬಾಯಿದು. ಇದ್ರೊಳಗೆ ಅನ್ನ ಹ್ಯಾಂಗೆ ಇಳೀತದೆ?" ಜ್ವರದಲ್ಲಿ ಕೈಕಾಲು ಕಡ್ಡಿಯಾಗಿದ್ದವು. ಅವಳು ಸಾಯುತ್ತಾಳೆ ಎಂದು ನನಗೆ ಕಂಡಿತು. ಅವಳೂ ಸತ್ತರೆ ನನ್ನ ಅಶೋಕ ಆ ನೀರಿಗೆ ಹೋದದ್ದು ಯಾತಕ್ಕೆ? ನಾನು ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ. ಕುಚಲಕ್ಕಿ ಗಂಜಿ ಮೆತ್ತಗೆ ಬೇಯಿಸಿ, ಉಪ್ಪು ಹಾಕಿ, ಅವಳೆದುರು ಕುಳಿತು, ಗಲ್ಲ ಹಿಡಿದು ಬಾಯಿಗೆ ಇಟ್ಟೆ. "ತಿನ್ನು ಮಾಸ್ತಮ್ಮ. ಅಂವ ನಿನ್ನ ಹೊತ್ತು ತಂದದ್ದು ಉಪವಾಸ ಸಾಯ್ಲಿ ಅಂತ ಅಲ್ಲ. ನನ್ನ ಮಗಂದು ಅಂತ ನಂಗೆ ಉಳ್ದದ್ದು ನಿನ್ನ ಜೀವ ಒಂದೇ." ಅವಳು ಅಳುತ್ತಾ ನುಂಗಿದಳು. ನಾನೂ ಅವತ್ತೇ ಮೊದಲು ಅತ್ತದ್ದು. ಅವಳದೇ ತಾಟಿನಲ್ಲಿ ಉಳಿದ ಗಂಜಿಯನ್ನು ನಾನು ಕುಡಿದೆ. ಮರುದಿನದಿಂದ ಊರಿನ ಅಡುಗೆಗೆ ನಾನೇ ನಿಂತೆ.

ಇನ್ನು ಊರು ಹೇಗೆ ಎದ್ದಿತು ಎಂದು ಹೇಳುತ್ತೇನೆ. ಸಹಾಯಕ್ಕೆ ಜನ ಬಹಳ ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದರು. ಆದರೆ ಲಾರಿಗಟ್ಟಲೆ ಹಳೆಬಟ್ಟೆ ತಂದು ಹೆದ್ದಾರಿ ಪಕ್ಕ ಸುರಿದು ಹೋದರು. ಮಿಣಿಮಿಣಿ ಮಾಡುವ ಮದುವೆ ಸೀರೆ, ಗುಂಡಿ ಕಿತ್ತ ಕೋಟು, ಒಂದೇ ಕಾಲಿನ ಚಪ್ಪಲಿ. ಮಳೆಯಲ್ಲಿ ನೆಂದು ನಾರಿ, ಕೊನೆಗೆ ಅದನ್ನು ಎತ್ತುವ ಕೆಲಸವೂ ನಮಗೇ ಬಂತು. ಬ್ರೆಡ್ಡು ಬೆಟ್ಟದಷ್ಟು ಇತ್ತು, ಮನೆಯ ಕೆಸರು ಗೋರಲು ಒಂದು ಸಲಿಕೆ ಇರಲಿಲ್ಲ. ಆಮೇಲೆ ಕಾರವಾರದಿಂದ ಸಂಧ್ಯಾ ಎಂಬ ನರ್ಸಮ್ಮ, ತನ್ನ ಗೆಳತಿಯರ ಜೊತೆ ಬಂದಳು. ಕೈಯಲ್ಲಿ ಏನೂ ತಂದಿರಲಿಲ್ಲ. ಹೆಂಗಸರನ್ನೆಲ್ಲ ಕೂರಿಸಿಕೊಂಡು "ನಿಮ್ಗೆ ಎಂತೆಂತಾ ಬೇಕು, ನೀವೇ ಹೇಳಿ" ಎಂದಳು. ಅಷ್ಟು ದಿನದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಪೊರಕೆ, ಸಲಿಕೆ, ಬಕೆಟ್ಟು, ಸುಣ್ಣ, ಬಾವಿಯ ನೀರು ಎತ್ತುವ ಪಂಪು ಬೇಕೆಂದೆವು. ಹುಡುಗಿಯರು ಅವಳ ಕಿವಿಯಲ್ಲಿ ಬೇರೆ ಏನೇನೋ ಹೇಳಿದರು. ಎರಡನೇ ಸಲ ಬರುವಾಗ ಎಲ್ಲ ತಂದಳು. ಬಾವಿಗಳನ್ನು ಒಂದೊಂದಾಗಿ ಬರಿದು ಮಾಡಿ, ಕೆಸರೆತ್ತಿ, ಬ್ಲೀಚಿಂಗ್ ಪೌಡರ್ ಹಾಕಿದೆವು. ನಮ್ಮ ಬಾವಿಯಿಂದ ಸತ್ತ ಕರು ಬಂತು. ಎಲ್ಲ ಮುಗಿದ ಮೇಲೂ ಆ ಹುಡುಗಿ ತಿಂಗಳಿಗೊಮ್ಮೆ ಬರುತ್ತಾಳೆ, ಚಹಾ ಕುಡಿಯುತ್ತಾಳೆ, ನಾನು ಅಶೋಕನ ಸುದ್ದಿ ಹೇಳಿದ್ದನ್ನೇ ಹೇಳಿದರೂ ಕೇಳುತ್ತಾಳೆ. ಊರಿನವರ ಹತ್ತಿರ ನಾನು ಅವನ ಹೆಸರೆತ್ತಿದರೆ ಅವರು ತಲೆ ತಗ್ಗಿಸಿಬಿಡುತ್ತಾರೆ. ಪಾಪ, ಅವರಿಗೂ ಕಷ್ಟ.

ಗದ್ದೆಯ ಮೇಲೆ ಮೊಣಕಾಲುದ್ದ ಮರಳು ಕುಳಿತಿತ್ತು, ಹಾಕಿದ ಸಸಿಮಡಿ ಅದರಡಿಗೆ ಹೋಗಿತ್ತು. ಈ ವರ್ಷ ಅನ್ನ ಇಲ್ಲ ಎಂದೇ ಅಂದುಕೊಂಡೆವು. ಎಲ್ಲ ಸೇರಿ ಮರಳು ಹೊತ್ತು ಆದಷ್ಟು ಗದ್ದೆ ಬಿಡಿಸಿದೆವು. ಆಗ ನೀರು ಹತ್ತದ ಮೇಲಿನ ಊರುಗಳವರು ತಮ್ಮ ನಟ್ಟಿ ಮುಗಿಸಿ, ಮಿಕ್ಕ ಭತ್ತದ ಸಸಿಯನ್ನು ಸೂಡಿ ಸೂಡಿಯಾಗಿ ಕಟ್ಟಿ ಟೆಂಪೋದಲ್ಲಿ ತಂದು ಇಳಿಸಿದರು. ತಾವೇ ಗದ್ದೆಗೆ ಇಳಿದು ನಮ್ಮ ಜೊತೆ ನೆಟ್ಟರು. ಬೆಳೆ ಅರ್ಧವೇ ಬಂತು, ಆದರೂ ಊಟ ನಮ್ಮದೇ ಗದ್ದೆಯದು.

ಮನೆಗಳನ್ನು ಮುಯ್ಯಾಳಿನಲ್ಲಿ ಕಟ್ಟಿದೆವು. ಇವತ್ತು ನಿಮ್ಮ ಮನೆಗೆ ಎಲ್ಲರೂ, ನಾಳೆ ನಮ್ಮ ಮನೆಗೆ ಎಲ್ಲರೂ. ನಮ್ಮ ಅಡುಗೆಕೋಣೆಯ ಗೋಡೆ ಪೂರ್ತಿ ಬಿದ್ದಿತ್ತಲ್ಲ, ಅದರ ಮಣ್ಣು ತುಳಿದು ಕಲಸಿದವನು ಹುಲಿಯಾ ಮಾವ. ನೀನು ಹೋಗುವ ದಿನ ಅವನಿಗೆ "ನಿಮ್ಮ ಮುಖ ನನ್ಗೆ ತೋರ್ಸಬೇಡಿ" ಎಂದಿದ್ದೆ. ಅವನು ಆ ಮಾತನ್ನು ಇಂದಿಗೂ ಪಾಲಿಸುತ್ತಿದ್ದಾನೆ. ನೀನಿಲ್ಲದ ಮನೆಯ ಎದುರಿನ ಬಾಗಿಲಿಗೂ ಬರುವುದಿಲ್ಲ. ಹಿತ್ತಿಲಿನಿಂದ ಬಂದ, ಮಣ್ಣು ತುಳಿದ, ಹಿತ್ತಿಲಲ್ಲೇ ಉಂಡು ಹೋದ. ಈಗಲೂ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಒಂದು ಹೊರೆ ಸೌದೆ ಹಿತ್ತಿಲಲ್ಲಿ ಇರುತ್ತದೆ. ನೀನು ಆಡಿದ್ದು ತಪ್ಪು ಎನ್ನುತ್ತಿಲ್ಲ ಮಗಳೇ. ಗಂಡನ ಮುಖವನ್ನೂ ಕಾಣದವಳು ಏನು ಬೇಕಾದರೂ ಆಡಬಹುದು. ಅವನನ್ನು ಕ್ಷಮಿಸು ಎಂದೂ ಹೇಳುವುದಿಲ್ಲ. ನಿನಗೆ ಗೊತ್ತಿರಲಿ ಎಂದು ಬರೆದೆ.

ಹೊರಗಿನಿಂದ ನೋಡಿದವರು ಊರು ಸರಿಹೋಯಿತು ಎನ್ನುತ್ತಾರೆ. ಹಂಚು ಹೊಸದು, ಗೋಡೆಗೆ ಸುಣ್ಣ ಬಂದಿದೆ, ಮಕ್ಕಳು ಹೊಳೆಯಲ್ಲಿ ಈಜುತ್ತಾರೆ. ಜಾನಕಕ್ಕ ಗಟ್ಟಿ ಹೆಂಗಸು ಎನ್ನುತ್ತಾರೆ. ನಾನು ಗಟ್ಟಿಯಿಲ್ಲ. ಹಂಚಿದ ಬಟ್ಟೆಯಲ್ಲಿ ನಮ್ಮ ಕೇರಿಯ ಸತೀಶನಿಗೆ ಅಶೋಕನದರಂಥದೇ ನೀಲಿ ಚೌಕಡಿ ಅಂಗಿ ಬಂದಿದೆ. ಒಂದು ದಿನ ಅಂಗಡಿಯ ಹತ್ತಿರ ಅವನ ಬೆನ್ನು ಕಂಡು "ಅಶೋಕಾ" ಎಂದು ಕರೆದುಬಿಟ್ಟೆ. ಅವನು ತಿರುಗಿ, "ಹಾಂ ಆಯಿ" ಎಂದ. ಒಳ್ಳೆಯ ಹುಡುಗ. ಇಲ್ಲಿ ಅಶೋಕನ ಒಂದು ಬಟ್ಟೆಯನ್ನೂ ನೀರು ಉಳಿಸಲಿಲ್ಲ. ಮೊಬೈಲಿನಲ್ಲಿ ಫೋಟೋ ಇದೆ, ಎಷ್ಟೆಂದು ಗಾಜನ್ನು ಸವರುವುದು? ನಿನ್ನ ಪೆಟ್ಟಿಗೆಯಲ್ಲಿ ಅವನ ಅಂಗಿಗಳು ಇದ್ದರೆ ಬರುವಾಗ ಒಂದನ್ನು ನನಗೆ ತಾ. ಒಗೆಯಬೇಡ. ಒಂದೇ ಇದ್ದರೆ ಬೇಡ, ಅದು ನಿನ್ನದು.

ವರ್ಷಾಂತಿಕಕ್ಕೆ ನೀನು ಬಂದರೆ ಮಗಳು ಮನೆಗೆ ಬಂದಂತೆ. ಬರಲು ಮನಸ್ಸಾಗದಿದ್ದರೂ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮನಿಗೆ, ಗಿರಿಧರನಿಗೆ ನಮಸ್ಕಾರ ತಿಳಿಸು. ದೀಕ್ಷಾಳ ಎರಡೂ ಕೆನ್ನೆಗೆ ನನ್ನ ಮುತ್ತು. ದೇವರು ನಿಮ್ಮಿಬ್ಬರನ್ನು ತಣ್ಣಗಿಟ್ಟಿರಲಿ.

ನಿನ್ನ ಆಯಿ,
ಜಾನಕಿ

ತಾ.ಕ.: ಲಕೋಟೆ ಅಂಟಿಸಲು ಕುಳಿತು ಮತ್ತೆ ಬಿಚ್ಚಿದೆ. ಹೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲ ಬರೆದಿದ್ದೇನೆ. ಕಾರವಾರದ ಕಡೆಯ ಮೀನುಗಾರರು ನಮ್ಮೂರಿಗೆ ಒಂದು ಫೈಬರ್ ದೋಣಿ, ಮೋಟಾರು ಕೊಟ್ಟಿದ್ದಾರೆ. ನೆರೆ ಬಂದರೆ ಜನರನ್ನು ತರಲು ಊರಿನ ಹುಡುಗರದೇ ತಂಡ ಮಾಡಿ ಕಲಿಸುತ್ತಿದ್ದಾರೆ. ರಾಜು ಮೊದಲು ಹೆಸರು ಕೊಟ್ಟಿದ್ದಾನೆ. ನನಗಿರುವುದು ಅವನೊಬ್ಬನೇ. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಅಣ್ಣನ್ನ ನೀರಿಂದ ಎತ್ತಿದ್ದು ನಾ, ಆಯೀ. ಇನ್ನೊಬ್ರ ಮನೇಲಿ ಯಾರೂ ಹಾಂಗೆ ಎತ್ತೂದು ಬ್ಯಾಡ" ಎಂದ. ವರ್ಷವಾಗುತ್ತ ಬಂದ ಮೇಲೆ ಅವನು ಅದರ ಬಗ್ಗೆ ಆಡಿದ ಮೊದಲ ಮಾತು. ನಾನು ಬೇಡ ಎನ್ನಲಿಲ್ಲ. ಅತ್ತಿಗೆಯ ಒಪ್ಪಿಗೆ ಬೇಕು ಎಂದು ಈ ಪತ್ರ ಮುಟ್ಟಿದ ಮೇಲೆ ನಿನಗೆ ಫೋನ್ ಮಾಡುತ್ತಾನೆ. ನೀನೂ ಬೇಡ ಎನ್ನಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ತೇಲುವ ಜಾಕೀಟು ಹಾಕಿಕೊಳ್ಳದೆ ದೋಣಿ ಹತ್ತಬೇಡ ಎಂದಷ್ಟೇ ಹೇಳು. ಸೆಕೆ ಎಂದು ಬಿಚ್ಚಿ ಇಡುತ್ತಾನೆ, ನಾನು ಎಷ್ಟು ಹೇಳಿದರೂ ನಗುತ್ತಾನೆ. ನಿನ್ನ ಮಾತನ್ನು ಮೀರುವುದಿಲ್ಲ.