ಸದ್ದು ಮಾಡದ ಟ್ಯಾಪೆಟ್

ಭಾನುವಾರ ಮಧ್ಯಾಹ್ನ,
ಶೆಡ್ಡಿನ ಬೆಂಚಿನಿಂದ

ನನ್ನ ನಟ್ಟಮ್ಮನಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ ಕೇಳು ಎಂದು ನಿಮ್ಮಮ್ಮ ಹೇಳಿದ್ದಾಳೆ. ಕೇಳಿದ್ದೇನೆ. ಕಾಗದ ತಡವಾಯಿತು, ಬೈದುಕೊಳ್ಳಬೇಡ. ಸ್ಪ್ಯಾನರ್ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ ಎಂಬ ನೆಪ ನಿನ್ನ ಹತ್ತಿರ ನಡೆಯುವುದಿಲ್ಲವೆಂದು ಗೊತ್ತು. ಮೊದಲೂ ಬರೆಯಲು ಕೂತಿದ್ದೆ, ಬರೆದದ್ದರಲ್ಲಿ ಗ್ರೀಸ್ ಒರೆಸಿಕೊಂಡು ಎಸೆದೆ. "ಫೋನ್ ಮಾಡಿದ್ರೆ ಎರಡು ನಿಮಿಷದ ಕೆಲಸ, ಅದಕ್ಯಾಕೆ ಇಷ್ಟು ಒದ್ದಾಡ್ತೀರಿ?" ಎಂದು ನಿಮ್ಮಮ್ಮ ಗದರಿದಳು. ಯಾಕೆ ಫೋನ್ ಮಾಡಲಿಲ್ಲವೆಂದು ಇದರಲ್ಲೇ ಹೇಳುತ್ತೇನೆ. ಸ್ವಲ್ಪ ತಾಳ್ಮೆ ಇರಲಿ. ಆ ಗುಣ ನಿನಗೆ ಅಮ್ಮನ ಕಡೆಯಿಂದಲೂ ಬಂದಿಲ್ಲ, ನನ್ನ ಕಡೆಯಿಂದಲೂ ಬಂದಿಲ್ಲ, ಆದರೂ ಇರಲಿ.

ನಿನ್ನ ಗಾಡಿ ಲಾರಿಯಲ್ಲಿ ಬಂದು ಇಳಿಯಿತು. ಬಂಪರಿಗೆ ಹೊಸದೊಂದು ಗೀರು ಬಿದ್ದಿದೆ. ಅದು ಮೊದಲೇ ಇತ್ತೆಂದು ಲಾರಿಯವನು ಆಣೆ ಇಟ್ಟ. ಗಾಡಿ ಬಂತೇ ಹೊರತು ನನಗೆಂದು ನಿನ್ನ ಒಂದು ಮಾತೂ ಬರಲಿಲ್ಲ. ಎಲ್ಲವೂ ನಿಮ್ಮಮ್ಮನ ಬಾಯಿಂದಲೇ ಗೊತ್ತಾದದ್ದು. ರೇಸಿನ ತಂಡದವರು ನಿನ್ನನ್ನು ಇಳಿಸಿ ಬೇರೊಬ್ಬನನ್ನು ಕೂರಿಸಿದ್ದಾರೆ, ಬರುವ ತಿಂಗಳ ಬೆಟ್ಟದ ಓಟಕ್ಕೆ ನೀನು ನಿನ್ನ ಸ್ವಂತ ಗಾಡಿಯನ್ನೇ ಇಳಿಸುತ್ತೀಯ, ಅವರೆದುರೇ ಅವರ ಗಾಡಿಯನ್ನು ಹಿಂದೆ ಹಾಕಬೇಕು. ಅದಕ್ಕೆ, "ಇರೋದ್ರಲ್ಲೇ ದೊಡ್ಡ ಕ್ಯಾಮ್ ಹಾಕೋಕೆ ಹೇಳು ನಿನ್ನ ಗಂಡನಿಗೆ." ಅಪ್ಪನಿಗೆ ಅಂತ ಕೂಡ ಅನ್ನಲಿಲ್ಲವಂತೆ ನೀನು. ನಿನ್ನ ಗಂಡನಿಗೆ! ಕೇಳಿ ಜೋರಾಗಿ ನಕ್ಕೆ. ಆಮೇಲೆ ಊಟ ಸೇರಲಿಲ್ಲ. ನಿನಗೆ ನನ್ನ ಮೇಲೆ ಇಷ್ಟು ಸಿಟ್ಟು ಯಾಕೆಂದು ಆಗ ನನಗೆ ಗೊತ್ತೇ ಇರಲಿಲ್ಲ ಕಣೇ.

ಇರಲಿ, ಕ್ಯಾಮ್ ವಿಷಯ. ಜೇಬಿನ ತುಂಬ ನಟ್ಟು ತುಂಬಿಕೊಂಡು ಈ ಶೆಡ್ಡಿನಲ್ಲೇ ಅಂಬೆಗಾಲಿಟ್ಟವಳಿಗೆ ಪಾಠ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೆ ಸಿಟ್ಟು ಬಂದಾಗ ಕಲಿತದ್ದೂ ಮರೆಯುತ್ತದೆ, ಆದ್ದರಿಂದ ಹೇಳುತ್ತೇನೆ. ಕ್ಯಾಮ್ ದಂಡದ ಉಬ್ಬು ಎಷ್ಟು ಎತ್ತರವೋ ಇಂಜಿನ್ ಉಸಿರಾಡುವ ವಾಲ್ವ್ ಅಷ್ಟು ತೆರೆಯುತ್ತದೆ, ಎಷ್ಟು ಅಗಲವೋ ಅಷ್ಟು ಹೊತ್ತು ತೆರೆದಿರುತ್ತದೆ. ದೊಡ್ಡ ಕ್ಯಾಮ್ ಹಾಕಿದರೆ ಇಂಜಿನ್ ಮೇಲಿನ ವೇಗದಲ್ಲಿ ಹುಲಿ. ಕೆಳಗಿನ ವೇಗದಲ್ಲಿ ಅದಕ್ಕೆ ಉಸಿರೇ ಸಾಲುವುದಿಲ್ಲ, ತೂಕಡಿಸುತ್ತದೆ. ನೇರ ರಸ್ತೆಯ ಓಟವಾಗಿದ್ದರೆ ನಾನು ಎರಡು ಮಾತು ಆಡುತ್ತಿರಲಿಲ್ಲ. ಬೆಟ್ಟದಲ್ಲಿ ಪ್ರತಿ ತಿರುವಿಗೂ ವೇಗ ಇಳಿಸಿ, ತಿರುಗಿ, ಮತ್ತೆ ಎಳೆಯಬೇಕು.

ಮೂರು ಜೊತೆ ಕ್ಯಾಮ್ ತರಿಸಿ ಬೆಂಚಿನ ಮೇಲೆ ಬಟ್ಟೆ ಹಾಸಿ ಇಟ್ಟೆ: ಸಣ್ಣದು, ನಡುವಿನದು, ದೊಡ್ಡದು. ಪಕ್ಕದ ಶೆಡ್ಡಿನಲ್ಲಿ ಲೇತ್ ಓಡಿಸುವ ನಿನ್ನ ಲೇತ್ ಮಾವ ಟೀ ಲೋಟ ಹಿಡಿದು ಬಂದು, ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದನ್ನೇ ಎತ್ತಿ ನೋಡಿದ. "ಮೇಸ್ತ್ರಿ, ನಡುವಿಂದು ಹಾಕು. ಹೆಡ್ಡು ಹಳೇದು, ಸೈಲೆನ್ಸರ್ ಹಳೇದು. ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದ. ನನಗೂ ಗೊತ್ತಿತ್ತು. ಆದರೂ ದೊಡ್ಡದನ್ನೇ ಎತ್ತಿಕೊಂಡೆ. "ಮಗಳು ಕೇಳಿದ್ದು ಇದು" ಎಂದೆ. ಅದು ಅರ್ಧ ನಿಜ. ಇನ್ನರ್ಧವನ್ನು ಮುಂದೆ ಬರೆಯುತ್ತೇನೆ.

ಕೆಲಸ ಮಾತ್ರ ಪುಸ್ತಕದಲ್ಲಿದ್ದಂತೆ ಮಾಡಿದೆ. ಒಂದನೇ ಪಿಸ್ಟನ್ನನ್ನು ಮೇಲಕ್ಕೆ ತಂದು ಗುರುತು ಕೂರಿಸಿ, ಬೆಲ್ಟ್ ಬಿಚ್ಚಿ, ಹಳೇ ಕ್ಯಾಮ್ ಎರಡನ್ನೂ ಮಗುವನ್ನು ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಟ್ಟೆ. ಹೊಸದರ ಉಬ್ಬುಗಳಿಗೆ ಬೆರಳಿಂದಲೇ ಗ್ರೀಸ್ ಸವರಿದೆ. ಕ್ಯಾಮನ್ನು ಹಿಡಿದಿಡುವ ಕ್ಯಾಪುಗಳನ್ನು ನಡುವಿನಿಂದ ಶುರುಮಾಡಿ ಎರಡೂ ಕಡೆಗೆ, ಸ್ವಲ್ಪ ಸ್ವಲ್ಪವೇ ಬಿಗಿದೆ. ಅವಸರದಲ್ಲಿ ಒಂದನ್ನೇ ಬಿಗಿದು ಕ್ಯಾಮ್ ಮುರಿದವರನ್ನು ನಾನು ನೋಡಿದ್ದೇನೆ, ನೀನೂ ನೋಡಿದ್ದೀಯ, ಹೆಸರು ಬೇಡ. ಬೆಲ್ಟ್ ಹಾಕಿದ ಮೇಲೆ ಕೀ ಮುಟ್ಟದೆ, ಸ್ಪ್ಯಾನರಿನಿಂದ ಇಂಜಿನ್ನನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿದೆ. ವಾಲ್ವ್ ಎಲ್ಲೂ ಪಿಸ್ಟನ್ನಿಗೆ ತಾಗಲಿಲ್ಲ.

ಸ್ಟಾರ್ಟ್ ಮಾಡಿದಾಗ ಶೆಡ್ಡಿನ ತಗಡೇ ನಡುಗಿತು. ನಿಂತಲ್ಲೇ ಧಡ್, ಧಡ್, ಧಡಧಡ್ ಎಂದು ಗಾಡಿ ಕುಣಿಯುತ್ತಿತ್ತು. ನಿಮ್ಮಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, "ಏನ್ರೀ ಇದು, ಹಿಂಗೆ ಕೆಮ್ತಿದೆ? ಅವಳು ಇದರಲ್ಲಿ ಕೂತು ಹೋಗ್ಬೇಕಾ?" ಎಂದಳು. ನನಗೋ ಹಿಗ್ಗೋ ಹಿಗ್ಗು. ಅಂಗಾಲಿನಿಂದ ಎದೆಯವರೆಗೂ ಇಂಜಿನ್ ಕೇಳಿಸುತ್ತಿತ್ತು. ಎಷ್ಟು ದಿನವಾಗಿತ್ತು ಹಾಗೆ ಕೇಳಿಸಿ!

ಮಾರನೇ ದಿನ ಲೇತ್ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ಏರಿನ ರಸ್ತೆಗೆ ಹೋದೆ. ನೇರ ದಾರಿಯಲ್ಲಿ ಮಾವ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮೊದಲ ತಿರುವಿನಲ್ಲಿ ಕೈ ಸಡಿಲ ಬಿಟ್ಟ. ಎರಡನೇ ತಿರುವಿನಲ್ಲಿ ಆಕಳಿಸಿದ. ಅಷ್ಟು ಹೊತ್ತಿಗೆ ತರಕಾರಿ ತುಂಬಿದ ಒಂದು ಟೆಂಪೋ ನಮ್ಮನ್ನು ದಾಟಿ ಹೋಯಿತು. "ಮೇಸ್ತ್ರಿ, ನಾವೂ ಇಳಿದು ತಳ್ಳೋಣ್ವಾ?" ಎಂದ. ನನಗೆ ಉರಿದುಹೋಯಿತು. ಆದರೆ ಟೆಂಪೋ ಎದುರಿಗೇ ಹೋಗುತ್ತಿರುವಾಗ ವಾದ ಮಾಡುವುದು ಹೇಗೆ? ವಾಪಸು ಬಂದು ದೊಡ್ಡದನ್ನು ಬಿಚ್ಚಿ ನಡುವಿನದನ್ನು ಹಾಕಿದೆ. ನೀನು ಕೇಳಿದ್ದು ಇದಲ್ಲ, ನನಗೆ ಗೊತ್ತು. ಆದರೆ ನಿನಗೆ ಬೇಕಾದದ್ದು ಅವರೆದುರು ಗೆಲ್ಲುವುದು ತಾನೇ, ಅವರೆದುರು ಸದ್ದು ಮಾಡುವುದಲ್ಲವಲ್ಲ.

ಈಗ ಆ ಇನ್ನರ್ಧ.

ಹೊಸ ಕ್ಯಾಮ್ ಹಾಕಿದ ಮೇಲೆ ಮೊದಲ ಸಲ ಇಂಜಿನ್ನನ್ನು ಸುಮ್ಮನೆ ಬಿಡಬಾರದು, ಸ್ವಲ್ಪ ಹೊತ್ತು ವೇಗವಾಗಿ ಓಡಿಸಬೇಕಲ್ಲ, ನಡುವಿನದನ್ನು ಹಾಕಿದ ಮೇಲೂ ಹಾಗೇ ಓಡಿಸಿದೆ. ಆಮೇಲೆ ಕಾಲು ತೆಗೆದೆ. ನಿಂತುಹೋಯಿತು. ಇದೇನಪ್ಪಾ ಎಂದು ಕೀ ತಿರುಗಿಸಿದೆ. ಎಂಥ ಕರಕರ ಸದ್ದು ಅಂತೀಯ, ಸ್ಟಾರ್ಟರ್ ಕಿರುಚಿಕೊಂಡಿತು! ಮಾವ ಹಾರಿಬಿದ್ದು, "ಏಯ್, ಓಡ್ತಿರೋ ಇಂಜಿನ್ನಿಗೆ ಯಾಕೋ ಕೀ ಕೊಡ್ತೀಯ?" ಎಂದು ಕೂಗಿದ. ಓಡುತ್ತಲೇ ಇತ್ತು, ನಟ್ಟಮ್ಮ. ನಯವಾಗಿ, ಮೆತ್ತಗೆ, ಯಾವ ಇಂಜಿನ್ನಾದರೂ ಓಡಬೇಕಾದ ಹಾಗೆ. ನನಗೆ ಕೇಳಿಸಲಿಲ್ಲ, ಅಷ್ಟೆ.

ಸಂದು ಸಂದಿನ ಸದ್ದನ್ನೂ ಹಿಡಿಯುತ್ತಾನೆಂದು ಊರವರೆಲ್ಲ 'ಕಿವಿ ಮೇಸ್ತ್ರಿ' ಎಂದು ಕರೆಯುವ ನಿಮ್ಮಪ್ಪ ಓಡುವ ಇಂಜಿನ್ನಿಗೆ ಕೀ ತಿರುಗಿಸಿದ. ಹೊಸದಾಗಿ ಕಲಿಯುವವರೂ ಮಾಡದ ತಪ್ಪು. ನಾಚಿಕೆಯಲ್ಲಿ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಹೋದ ವರ್ಷದಿಂದಲೇ ಕಿವಿ ಕೈಕೊಡುತ್ತಾ ಬಂದಿದೆ. ಮೊದಲು ಸಣ್ಣ ಸದ್ದುಗಳು ಹೋದವು: ಟ್ಯಾಪೆಟ್ಟಿನ ಟಿಕ್ ಟಿಕ್, ಬೆಲ್ಟಿನ ಕೀರಲು ಸದ್ದು. ಆಮೇಲೆ ಮಾತಿನ ತುದಿಗಳು. ನಾನು ಯಾರಿಗೂ ಹೇಳಲಿಲ್ಲ. ಬಾಯಿ ನೋಡಿಕೊಂಡು ಮಾತಾಡಿದೆ, ತಿಳಿಯದ್ದಕ್ಕೆಲ್ಲ ಹೂಂ ಅಂದೆ. ಆ ದೊಡ್ಡ ಕ್ಯಾಮನ್ನು ಯಾಕೆ ಎತ್ತಿಕೊಂಡೆನೆಂದು ಈಗ ಗೊತ್ತಾಯಿತಲ್ಲ. ಅದೊಂದು ಮಾತ್ರ ನನಗೆ ಕೇಳಿಸುವ ಹಾಗೆ ಮಾತಾಡುತ್ತಿತ್ತು.

ಲೇತ್ ಮಾವ ಗೇಲಿ ಮಾಡುತ್ತಾನೆಂದು ಕಾದೆ. ಅವನು ಟೀ ತರುತ್ತೇನೆಂದು ಹೊರಟುಹೋದ. ಗೇಲಿಗಿಂತ ಅದೇ ನನ್ನನ್ನು ಹೆಚ್ಚು ನೋಯಿಸಿತು.

ಸ್ಟಾರ್ಟರಿನ ಸದ್ದಿಗೆ ಓಡಿಬಂದಿದ್ದ ನಿಮ್ಮಮ್ಮ ಬಾಗಿಲಲ್ಲೇ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಬಂದು ಬೆಂಚಿನ ಮೇಲಿದ್ದ ಉದ್ದ ಸ್ಕ್ರೂಡ್ರೈವರ್ ತೆಗೆದುಕೊಂಡಳು. ನಾನು ಮಾಡುವುದನ್ನು ಅಡುಗೆಮನೆ ಕಿಟಕಿಯಿಂದ ಇಷ್ಟು ವರ್ಷ ನೋಡಿದ್ದಾಳಲ್ಲ, ಅದೇ ರೀತಿ ಅದರ ತುದಿಯನ್ನು ಇಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡಳು. ಸೆರಗು ಬೆಲ್ಟಿಗೆ ಸಿಕ್ಕೀತೆಂದು ನಾನೇ ಎತ್ತಿ ಹಿಡಿದುಕೊಂಡು ನಿಂತೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಿವಿಗೊಟ್ಟು ಕೇಳಿ, ನನ್ನ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ಹೇಳಿದಳು: "ಮೂರನೇ ಸಿಲಿಂಡರ್ ಹತ್ರ ಯಾರೋ ಗೊಣಗ್ತಿದಾರೆ ಕಣ್ರೀ. ಟಿಕ್ ಟಿಕ್ ಅಂತ."

ಇಂಜಿನ್ ತಣ್ಣಗಾದ ಮೇಲೆ ಬಿಚ್ಚಿ ಅಳೆದೆ. ಅವಳು ಹೇಳಿದ ಜಾಗದಲ್ಲೇ, ಕ್ಯಾಮಿಗೂ ವಾಲ್ವಿಗೂ ನಡುವಿನ ಟ್ಯಾಪೆಟ್ ಸಡಿಲ ಇತ್ತು. ಅಕ್ಕಪಕ್ಕದ ಎರಡು ಟ್ಯಾಪೆಟ್ಟುಗಳ ಸಂದು ಸರಿಹೊಂದಿಸುವ ಬಿಲ್ಲೆಗಳನ್ನು ಅದಲುಬದಲು ಇಟ್ಟಿದ್ದೆ. ಹಾಗಾಗಿ ಒಂದು ಸಡಿಲ, ಪಕ್ಕದ್ದು ಬಿಗಿ. ಸಡಿಲ ಇದ್ದದ್ದು ಗೊಣಗಿತು, ಅದರಿಂದ ಸಿಕ್ಕಿಬಿತ್ತು. ಬಿಗಿ ಇದ್ದದ್ದು ಸದ್ದೇ ಮಾಡುವುದಿಲ್ಲ. ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಒಳಗೊಳಗೇ ಸುಡುತ್ತಾ ಹೋಗುತ್ತದೆ, ಗೊತ್ತಾಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಇದನ್ನು ನಿಮ್ಮಮ್ಮನಿಗೆ ವಿವರಿಸಿದೆ. ಕೈ ಒರೆಸಿಕೊಳ್ಳುತ್ತಾ ಅಂದಳು: "ಹಂಗಾದ್ರೆ ನಾನು ಸಡಿಲ ಟ್ಯಾಪೆಟ್ಟು. ನಿಮ್ಮ ಮಗಳು ಬಿಗೀದು."

ಆಮೇಲೆ ಅವಳೇ ನಿಧಾನವಾಗಿ ಕೇಳಿದಳು, "ರೀ, ಆವತ್ತು ಸೀಟಿನ ವಿಷಯ ಹೇಳೋಕೆ ಅವಳು ಫೋನ್ ಮಾಡಿದ್ದಾಗ ನಿಮಗೆ ಏನಂತ ಕೇಳಿಸ್ತು?"

ಬಿಲ್ಲೆ ಸರಿಮಾಡಿದೆ. ಎಲ್ಲ ಟ್ಯಾಪೆಟ್ಟುಗಳನ್ನೂ ಮತ್ತೆ ಅಳೆದೆ. ನಿಮ್ಮಮ್ಮ ಮತ್ತೆ ಕೇಳಿ, "ಈಗ ಎಲ್ಲರೂ ಮಲ್ಕೊಂಡಿದಾರೆ" ಎಂದು ಒಪ್ಪಿಗೆ ಕೊಟ್ಟಳು. ನಡುವಿನ ಕ್ಯಾಮಿನಲ್ಲಿ ಅದೇ ಏರಿಗೆ ಹೋದಾಗ ಲೇತ್ ಮಾವ ತಿರುವು ತಿರುವಿಗೂ ದೇವರನ್ನು ಕರೆದ. ಅವನಿಗೆ ಇಷ್ಟು ದೇವರು ಗೊತ್ತಿರುವುದು ನನಗೆ ತಿಳಿದಿರಲಿಲ್ಲ. ಟೆಂಪೋ ಸಿಕ್ಕಲಿಲ್ಲ, ಅದೊಂದು ಬೇಜಾರು. ತಿರುವಿನಿಂದ ಹೊರಬೀಳುವಾಗ ಧೈರ್ಯವಾಗಿ ಬೇಗನೆ ಆಕ್ಸಿಲರೇಟರ್ ಒತ್ತು, ಎಳೆಯುತ್ತದೆ. ಓಟಕ್ಕೆ ಮೊದಲು ಆಯಿಲ್ ಬದಲಿಸು. ಆಮೇಲೂ ದೊಡ್ಡದೇ ಬೇಕು ಅನ್ನಿಸಿದರೆ ಬೆಂಚಿನ ಮೇಲೇ ಇದೆ, ಬಾಯಿ ಮುಚ್ಚಿಕೊಂಡು ಹಾಕಿಕೊಡುತ್ತೇನೆ. ಗಾಡಿ ನಿನ್ನದು.

ಲೇತ್ ಮಾವನ ಪರಿಚಯದ ಕಿವಿ ಡಾಕ್ಟರೊಬ್ಬರಿದ್ದಾರಂತೆ, ಬರುವ ವಾರ ಹೋಗುತ್ತೇವೆ. ಕಿವಿಗೆ ಹಾಕುವ ಯಂತ್ರ ಕೊಡುತ್ತಾರಂತೆ. ಅದನ್ನು ಬಿಚ್ಚಿ ನೋಡಬಾರದೆಂದು ನಿಮ್ಮಮ್ಮ ಈಗಲೇ ಆಣೆ ಹಾಕಿಸಿಕೊಂಡಿದ್ದಾಳೆ.

ಬೆಟ್ಟ ನಿನಗೆ ದಾರಿ ಬಿಡಲಿ. ಗೆದ್ದರೂ ಸೋತರೂ ಮೈಕೈ ನೆಟ್ಟಗೆ ಇಟ್ಟುಕೊಂಡು ಬಾ. ಅಮ್ಮನ ಮುತ್ತು, ಮಾವನ ಶುಭ ಹಾರೈಕೆ, ನನ್ನ ಎರಡೂ ಕೈ ನಿನ್ನ ತಲೆಯ ಮೇಲೆ.

ಇಂತಿ, ನಿನ್ನ ಅಮ್ಮನ ಗಂಡ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯವರೆಗೂ ಬರೆಯಲಾಗಲಿಲ್ಲ. ಆವತ್ತು ನೀನು ಫೋನಿನಲ್ಲಿ "ಅಪ್ಪಾ, ನನ್ನ ಸೀಟು ಹೋಯ್ತು" ಅಂದೆಯಂತೆ. ನನಗೆ "ಸೀಟು ಆಯ್ತು" ಅಂತ ಕೇಳಿಸಿತು, ತಂಡದಲ್ಲಿ ನಿನ್ನ ಜಾಗ ಖಾಯಂ ಆಯಿತೆಂದುಕೊಂಡೆ. ಅರ್ಧ ಕಿವಿಯ ತಪ್ಪು, ಅರ್ಧ ಆಸೆಯದು. "ಭೇಷ್! ನಂಗೆ ಮೊದಲೇ ಗೊತ್ತಿತ್ತು, ಹಿಂಗೇ ಆಗುತ್ತೆ ಅಂತ" ಎಂದು ನಾನು ನಕ್ಕೆ. ನೀನು ಫೋನ್ ಇಟ್ಟುಬಿಟ್ಟೆ. ಲೈನ್ ಕಟ್ಟಾಯಿತು ಅಂದುಕೊಂಡೆ. ಬೀದಿಗೆಲ್ಲ ಸಿಹಿ ಹಂಚಿದೆ. ಆಮೇಲೆ ನಿಮ್ಮಮ್ಮ ನಿನ್ನನ್ನು ಇಳಿಸಿದರೆಂದಾಗ, ಕೊಟ್ಟ ಸೀಟನ್ನು ಕಿತ್ತುಕೊಂಡರಲ್ಲ ಎಂದು ತಂಡದವರನ್ನು ಬಾಯಿಗೆ ಬಂದಂತೆ ಬೈದೆನೇ ಹೊರತು ನನಗೆ ಹೊಳೆಯಲೇ ಇಲ್ಲ. ನೀನು ಮೊದಲು ಫೋನ್ ಮಾಡಿದ್ದು ನನಗಂತೆ, ಅಮ್ಮನಿಗೂ ಮೊದಲು. ಆ ದಿನವೆಲ್ಲ ನೀನು ಹೇಗಿದ್ದೆಯೋ. ಗಾಡಿ ಒಯ್ಯಲು ಲಾರಿ ಕಳಿಸಬೇಡ, ನೀನೇ ಬಾ. ಎದುರಿಗೆ ನಿಂತು ಇನ್ನೊಂದು ಸಲ ಹೇಳು. ನಿನ್ನ ತುಟಿ ನೋಡಿಕೊಂಡು ಕೇಳಿಸಿಕೊಳ್ಳುತ್ತೇನೆ. ಈ ಸಲ ಭೇಷ್ ಅನ್ನುವುದಿಲ್ಲ ಮಗಳೇ.