ಹೊಗೆಕೊಳವೆ ಇಲ್ಲದ ಕಾರು ಗುಡುಗಿದ್ದು ಹೇಗೆ?

ಎಂಜಿನ್ ವಿಭಾಗದ ಮಾನ್ಯ ಉಪಾಧ್ಯಕ್ಷರೇ,

ತಾವು ನನ್ನ ಗಂಡನ ಕಿವಿಗೆ ಹೂವಿಟ್ಟಿದ್ದೀರಿ. ಅದೂ ಎಂಥ ಕಿವಿಗೆ! ತಮ್ಮದೇ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಎಂಟು ಸಿಲಿಂಡರಿನ ಎಂಜಿನ್ ಜೋಡಿಸಿದ ಕಿವಿ ಅದು. ಪಕ್ಕದ ಕೋಣೆಯಿಂದ ನಾನು ಕೂಗಿದರೆ ಅದಕ್ಕೆ ಕೇಳಿಸುವುದಿಲ್ಲ, ಆಚೆ ಬೀದಿಯ ಕಾರಿನಲ್ಲಿ ಒಂದು ವಾಲ್ವು ತಡವಾಗಿ ಬಡಿದರೆ ಕೇಳಿಸುತ್ತದೆ. ತಮ್ಮ ಕಚೇರಿಗೆ ಈ ಕುರಿತು ಬರೆದಾಗ "ನಿಮ್ಮ ಉತ್ಸಾಹಕ್ಕೆ ಧನ್ಯವಾದಗಳು" ಎಂಬ ಉತ್ತರ ಬಂತು. ನನಗಿರುವುದು ಉತ್ಸಾಹವಲ್ಲ ಸ್ವಾಮಿ, ಸಿಟ್ಟು. ಆದ್ದರಿಂದ ಈಗ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ತಮ್ಮ ಮುಂದಿನ ಸ್ಪೋರ್ಟ್ಸ್ ಕಾರಿನ ಹೊಟ್ಟೆಯಲ್ಲಿ ಏನಿರುತ್ತದೆ? ಎಂಟು ಸಿಲಿಂಡರೋ, ಟರ್ಬೊ ಹಚ್ಚಿದ ಆರೋ, ಬರೀ ಬ್ಯಾಟರಿಯೋ? ಜೂನ್‌ವರೆಗೂ ಇಡೀ ಅಮೆರಿಕ ಇದನ್ನೇ ಕೇಳಿ ಕೇಳಿ ಸುಸ್ತಾಯಿತು. ತಾವು ಪ್ರತಿ ಸಲವೂ "ಎಲ್ಲ ಸಾಧ್ಯತೆಗಳನ್ನೂ ಪರಿಶೀಲಿಸುತ್ತಿದ್ದೇವೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿರಿ. ಬೇರೆ ಊರಿನವರಿಗೆ ಇದು ಇಂಟರ್ನೆಟ್ಟಿನಲ್ಲಿ ಕೂತು ಜಗಳವಾಡಲು ಒಳ್ಳೆಯ ವಿಷಯ. ಮಿಷಿಗನ್ನಿನ ನಮ್ಮ ಟಿಲ್ಡನ್‌ನಲ್ಲಿ ಹಾಗಲ್ಲ. ಎಂಟು ಎಂದರೆ ನಮ್ಮ ಕಾರ್ಖಾನೆ ಉಳಿಯುತ್ತದೆ. ಬ್ಯಾಟರಿ ಎಂದರೆ ಅದಕ್ಕೆ ಬೀಗ. ಕೆಲಸ ಬೇಕಾದವರು ಗಂಟುಮೂಟೆ ಕಟ್ಟಿ ದೂರದ ಟೆನೆಸಿಯ ತಮ್ಮ ಬ್ಯಾಟರಿ ಕಾರ್ಖಾನೆಗೆ ಹೋಗಬೇಕು. ಟೆನೆಸಿಗೆ ಯಾರು ಬರುತ್ತೀರೋ ಮೇ ತಿಂಗಳಲ್ಲೇ ಹೇಳಿಬಿಡಿ ಎಂದು ತಾವು ಗಡುವು ಹಾಕಿದಿರಿ. ಎಂಜಿನ್ ಯಾವುದೆಂದು ತಾವು ಹೇಳುವುದು ಮಾತ್ರ ಜೂನ್‌ನಲ್ಲಿ! ಪ್ರಶ್ನೆ ಕೊಡುವ ಮುಂಚೆಯೇ ಉತ್ತರಪತ್ರಿಕೆ ಕಿತ್ತುಕೊಳ್ಳುವ ಈ ವಿದ್ಯೆಯನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ?

ತಾವು ಬಾಯಿ ಬಿಡದ ಮೇಲೆ ನಮಗೆ ಉಳಿದದ್ದು ಬೇಲಿ ಒಂದೇ. ಹೊಸ ಕಾರುಗಳನ್ನು ಓಡಿಸಿ ನೋಡುವ ತಮ್ಮ ಟ್ರ್ಯಾಕಿನ ಬೇಲಿಯ ಹೊರಗೆ ಪ್ರತಿ ಶುಕ್ರವಾರ ಸಂಜೆ ನಮ್ಮವರು ಮಡಚುವ ಕುರ್ಚಿ ಹಾಕಿ ಕೂರುತ್ತಾರೆ. ಕೂರುವುದು ಟ್ರ್ಯಾಕಿಗೆ ಬೆನ್ನು ಹಾಕಿ. ರೂಪ ಗೊತ್ತಾಗದಿರಲೆಂದು ಮೈತುಂಬ ಕಪ್ಪು ಬಿಳುಪು ಸ್ಟಿಕ್ಕರ್ ಮೆತ್ತಿಕೊಂಡ ಕಾರನ್ನು ಕಣ್ಣಿನಿಂದ ನೋಡುವುದು ಕದ್ದು ಚಿತ್ರ ತೆಗೆಯುವ ಕ್ಯಾಲಿಫೋರ್ನಿಯಾದ ಫೋಟೋದವರ ಕೆಲಸವಂತೆ. ಟಿಲ್ಡನ್‌ನವರು ಕೇಳಿ ಹೇಳಬೇಕಂತೆ. ತಿರುಗಿ ನೋಡಿದವನು ಅವತ್ತು ಎಲ್ಲರಿಗೂ ಬಿಯರ್ ತರಬೇಕು. ಅದಕ್ಕಿಂತ ದೊಡ್ಡ ಶಿಕ್ಷೆ, ಆಮೇಲೆ ವರ್ಷವಿಡೀ ಅವನನ್ನು ಆಡಿಕೊಳ್ಳುತ್ತಾರೆ.

ಮೇ ತಿಂಗಳ ಮೂರನೇ ಶುಕ್ರವಾರ ನಾನು ಓಡಿಸುವ ಶಾಲೆಯ ಬಸ್ಸು ನಿಲ್ಲಿಸಿ, ಚರ್ಚಿನಲ್ಲಿ ಶುಕ್ರವಾರ ಮಾರುವ ಕರಿದ ಮೀನು ಕಟ್ಟಿಸಿಕೊಂಡು ಅಲ್ಲಿಗೆ ಹೋದೆ. ಆಗಲೇ ಆ ಕಾರು ಬಂತು. ಅಬ್ಬಾ, ಅದೆಂಥ ಗುಡುಗು! ಎದೆಯೊಳಗೇ ಬಡಿಯಿತು. ನನ್ನ ಮೈದುನ ಡ್ಯೂಯಿ ಟೋಪಿ ತೆಗೆದು ಎದ್ದು ನಿಂತ. ನನ್ನ ಗಂಡ ಗೋರ್ಡಿ ಕಣ್ಣು ಮುಚ್ಚಿಕೊಂಡಿದ್ದ, ಕೆನ್ನೆ ಒದ್ದೆಯಾಗಿತ್ತು.

"ಎಂಟು ಕಣೇ ಬರ್ನಿ! ಎಂಟೇ ಎಂಟು! ಉಳಕೊಂಡ್ವಿ ಕಣೇ!"

ಎಲ್ಲರ ಬೆನ್ನು ಟ್ರ್ಯಾಕಿನ ಕಡೆ, ನನ್ನೊಬ್ಬಳ ಮುಖ ಮಾತ್ರ ಆ ಕಡೆ. ನೋಡಿದ್ದನ್ನು ಹೇಳಿದೆ. "ಗೋರ್ಡಿ, ಅದರ ಹಿಂದ್ಗಡೆ ಹೊಗೆ ಪೈಪೇ ಇಲ್ವಲ್ಲೋ."

"ನೋಡಿದೋರ ಮಾತು ಇಲ್ಲಿ ನಡೆಯಲ್ಲ ಅತ್ತಿಗೆ," ಎಂದ ಡ್ಯೂಯಿ. "ಬಸ್ ಓಡಿಸೋರಿಗೆ ಎಂಟರ ಬೆಲೆ ಏನ್ ಗೊತ್ತು? ಮೀನು ಇಡಿ ಇಲ್ಲಿ, ಆರೋಗತ್ತೆ."

"ಹೊರಗೆ ಬಿಡೋಕೆ ದಾರಿನೇ ಇಲ್ದೆ ಗುಡುಗೋಕೆ ಅದೇನು ನಿನ್ನ ಹೊಟ್ಟೆ ಏನಯ್ಯಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬನಾದರೂ ಕುತ್ತಿಗೆ ತಿರುಗಿಸಬೇಕಲ್ಲ? ಊಹೂಂ. ಸೋಮವಾರ ಅಣ್ಣ ತಮ್ಮ ಇಬ್ಬರೂ ಜೊತೆಯಾಗಿ ಹೋಗಿ ಟೆನೆಸಿ ಬೇಡ ಎಂದು ಹೇಳಿ ಬಂದರು.

ಜೂನ್‌ನಲ್ಲಿ ತಾವು ವೇದಿಕೆ ಹತ್ತಿದಿರಿ. ಬ್ಯಾಟರಿ ಕಾರು! ಜೊತೆಗೆ, ಗಿರಾಕಿಗಳ ಮನಸ್ಸಿಗೆ ನೋವಾಗಬಾರದೆಂದು ಕಾರಿನ ಹೊರಗೂ ಕೂರಿಸಿದ ಧ್ವನಿವರ್ಧಕಗಳಲ್ಲಿ ಎಂಟರದೇ ಗುಡುಗು, ಹೆಸರು "ಪರಂಪರೆಯ ನಾದ." ಟಿ.ವಿ.ಯಲ್ಲಿ ಅದನ್ನು ಕೇಳುತ್ತಿದ್ದ ಗೋರ್ಡಿಯ ಮುಖದ ಬಣ್ಣವೇ ಇಳಿದುಹೋಯಿತು. ಏಕೆಂದರೆ ಆ ನಾದವನ್ನು ತುಂಬಿಕೊಟ್ಟವನು ಅವನೇ. ಹೋದ ಶರತ್ಕಾಲದಲ್ಲಿ ತಮ್ಮ ಕಡೆಯವರು ಮೈಕು ಹಿಡಿದು ಕಾರ್ಖಾನೆಗೆ ಬಂದಿದ್ದರು. ಗೋರ್ಡಿ ಇದ್ದುದರಲ್ಲಿ ಒಳ್ಳೆಯ ಎಂಜಿನ್ ಆರಿಸಿ, ತಾನೇ ಆಕ್ಸಿಲರೇಟರ್ ಒತ್ತಿ, "ಚೆನ್ನಾಗಿ ಬಂತಾ, ಇನ್ನೊಂದ್ಸಲ ಒತ್ಲಾ?" ಎಂದು ಮದುವೆ ಮನೆಯ ಯಜಮಾನನ ಹಾಗೆ ಉಪಚರಿಸಿದ್ದ.

"ಮ್ಯೂಸಿಯಂಗೆ ಬೇಕು ಅಂದಿದ್ರು ಕಣೇ," ಎಂದಷ್ಟೇ ಹೇಳಿ ಟಿ.ವಿ. ಆರಿಸಿದ.

ತಮಗೆ ಒಂದು ಮಾತಾದರೂ ಬೈದನೇ? ಇಲ್ಲ. "ನನ್ನ ಕಿವಿನೇ ನನಗೆ ಟೋಪಿ ಹಾಕ್ತು" ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಬೇಲಿಯ ಕಡೆ ಅವನು ಈಗ ತಲೆಯೂ ಹಾಕುವುದಿಲ್ಲ. ಕ್ರಿಸ್‌ಮಸ್ ಆದ ಮೇಲೆ ಕಾರ್ಖಾನೆ ಮುಚ್ಚುತ್ತದೆ. ಟೆನೆಸಿ ಬೇಡ ಎಂದವರನ್ನು ಮತ್ತೆ ಸೇರಿಸುವುದಿಲ್ಲ ಎಂದು ತಮ್ಮವರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಆಹಾ, ಈ ಒಂದು ವಿಷಯದಲ್ಲಿ ಎಷ್ಟು ಸ್ಪಷ್ಟ ನುಡಿ!

ಸಾಲದ್ದಕ್ಕೆ ಈಗ ಹೊಸ ಗುಸುಗುಸು. ಎಂಜಿನ್ ಇಲ್ಲದ ಕಾರನ್ನು ಯಾರೂ ಬುಕ್ ಮಾಡುತ್ತಿಲ್ಲವಂತೆ, ಎಂಟನ್ನೇ ಮತ್ತೆ ತರಲು ತಾವು ಯೋಚಿಸುತ್ತಿದ್ದೀರಂತೆ, "ಬಲ್ಲ ಮೂಲಗಳು" ಹೇಳಿವೆಯಂತೆ. ಆ ಮೂಲಗಳನ್ನು ಒಂದು ದಿನ ನನ್ನ ಬಸ್ಸಿಗೆ ಹತ್ತಿಸಿ, ಐದನೇ ತರಗತಿಯವರ ನಡುವೆ ಕೂರಿಸುತ್ತೇನೆ. ನಿನ್ನೆ ಡ್ಯೂಯಿ ಓಡಿ ಬಂದು, "ಅಣ್ಣಾ, ಎಂಟು ವಾಪಸ್ ಬರತ್ತಂತೆ!" ಎಂದ. ಬೇರೆ ಊರುಗಳಲ್ಲಿ ಕೆಲಸ ಹುಡುಕುತ್ತ ಕೂತಿದ್ದ ಗೋರ್ಡಿ ಕಂಪ್ಯೂಟರ್ ಮುಚ್ಚಿಟ್ಟು ಅವನ ಮುಖ ನೋಡಿದ. ಆ ನೋಟದಲ್ಲಿ ಮತ್ತೆ ಆಸೆ ಚಿಗುರಿದ್ದು ಕಂಡು ನನಗೆ ಭಯವಾಯಿತು.

ಹಾಗಾಗಿ ಕೇಳುತ್ತಿದ್ದೇನೆ. ತಮ್ಮ ಧ್ವನಿವರ್ಧಕ ನಂಬಿ ಟೆನೆಸಿ ಬೇಡ ಎಂದವರಿಗೆ ಆ ಬಾಗಿಲು ಮತ್ತೆ ತೆರೆಯಿರಿ. ತೆರೆಯುವ ಮುಂಚೆ ಟಿಲ್ಡನ್‌ಗೆ ಬನ್ನಿ, ನಮ್ಮ ಅಡುಗೆಮನೆಯಲ್ಲಿ ಕೂತು ಗೋರ್ಡಿಗೆ ಹೇಳಿ. ಎಂಟಾದರೆ ಎಂಟು, ಆರಾದರೆ ಆರು, ಏನೂ ಇಲ್ಲವಾದರೆ ಏನೂ ಇಲ್ಲ ಎನ್ನಿ. ಅವನು ಗಟ್ಟಿ ಮನುಷ್ಯ, ತಡೆದುಕೊಳ್ಳುತ್ತಾನೆ. ತಮಗೆ ಮನಸಾರೆ ಬೈದು, ಊಟ ಮಾಡಿ, ಬೆಳಿಗ್ಗೆ ಎದ್ದು ಸಾಮಾನು ಕಟ್ಟುತ್ತಾನೆ. "ಎಲ್ಲ ಸಾಧ್ಯತೆಗಳನ್ನೂ ಪರಿಶೀಲಿಸುತ್ತಿದ್ದೇವೆ" ಎಂಬ ಊರಿಗೆ ಮಾತ್ರ ಯಾವ ಲಾರಿಯೂ ಬಾಡಿಗೆಗೆ ಬರುವುದಿಲ್ಲ.

ಇಂತಿ,
ಹೋಗಲೂ ಆಗದೆ ಇರಲೂ ಆಗದೆ ಕೂತಿರುವ ಮನೆಯ,
ತಿರುಗಿ ನೋಡಿದವಳು,
ಬರ್ನಡೆಟ್ ನೋವಿಟ್ಸ್ಕಿ