ಫೋಕಸ್ ರಿಂಗಿನೊಳಗಿನ ಅಂಟು

ರಬಕವಿ
ಶುಕ್ರವಾರ

ತೀರ್ಥರೂಪ ಅಪ್ಪನವರಿಗೆ ತ್ರಿಶಲಾಳ ನಮಸ್ಕಾರಗಳು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಕೊಟ್ಟ ಹಳೆಯ ರೀಲ್ ಕ್ಯಾಮೆರಾದ ಫೋಕಸ್ ರಿಂಗು ತಿರುಗುತ್ತಿಲ್ಲ ಎಂದಾಗ, ಒಳಗಿನ ಗ್ರೀಸು ಒಣಗಿರಬೇಕು ಎಂದಿದ್ದಿರಿ. ನಿಮ್ಮ ಅಳಿಯ ಕೂಡ, "ಹಳೇದಾತು, ಇನ್ನ ಬಿಟ್ಟಬಿಡು" ಎಂದು ನನಗೆ ಸಮಾಧಾನ ಹೇಳಿದ್ದರು. ಆದರೆ ಬನಹಟ್ಟಿಯ ನೇಕಾರ ಹೆಣ್ಣುಮಕ್ಕಳ ಫೋಟೋ ತೆಗೆಯುವುದು ಅರ್ಧಕ್ಕೇ ನಿಂತಿತ್ತು. ಹಾಗಾಗಿ ನಿನ್ನೆ ಕ್ಯಾಮೆರಾವನ್ನು ಜಮಖಂಡಿಯ ರಿಪೇರಿಯವರ ಬಳಿ ಒಯ್ದೆ.

ಅವರು ಲೆನ್ಸ್ ಬಿಚ್ಚಿ ನೋಡಿ, "ಗ್ರೀಸ್ ಛಲೋನ ಐತ್ರೀ. ಯಾರೋ ರಿಂಗಿನ ಸಂದ್ಯಾಗ ಅಂಟ ಹಾಕ್ಯಾರ" ಎಂದರು. ಈ ಮನೆಯಲ್ಲಿ ಇರುವವರು ನಾವಿಬ್ಬರೇ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮ ಅಳಿಯನನ್ನು ಕೇಳಿದೆ.

"ಹೌದು, ನಾನ ಹಾಕೀನಿ. ರವಿವಾರ ಬಂತಂದ್ರ ಕ್ಯಾಮೆರಾ ಹಿಡಕೊಂಡು ಅಡ್ಡಾಡತಿದ್ದಿ. ಬ್ಯಾಡ ಅಂದ್ರ ನೀ ಎಲ್ಲಿ ಕೇಳತಿದ್ದಿ?"

ದನಿ ಕೂಡ ಏರಲಿಲ್ಲ. ಇನ್ನೊಂದು ರೊಟ್ಟಿ ಕೇಳಿದರು. ನಾನು ಬಡಿಸಿದೆ ಅಪ್ಪಾ. ಪಲ್ಯ ಬೇಕೇನು ಎಂದೂ ಕೇಳಿದೆ. ಯಾಕೆ ಕೇಳಿದೆನೋ ತಿಳಿಯುತ್ತಿಲ್ಲ.

ರಿಪೇರಿಯವರು ಅಂಟು ಕರಗಿಸಿ, ಹೊಸ ಗ್ರೀಸು ಹಾಕಿ ಸೋಮವಾರ ಕೊಡುತ್ತಾರೆ. ನೀವೇ ಹೋಗಿ ತಂದು ಮುಧೋಳದ ನಿಮ್ಮ ಸ್ಟುಡಿಯೋದಲ್ಲಿಡಿ. ಇಲ್ಲಿಗೆ ಮಾತ್ರ ತರಬೇಡಿ. ಮಂಗಳವಾರ ನಾನೇ ಬರುತ್ತೇನೆ. ಎಷ್ಟು ದಿನ ಇರುತ್ತೀ ಎಂದು ಅವ್ವ ಕೇಳದಂತೆ ನೋಡಿಕೊಳ್ಳಿ. ನನಗೇ ಗೊತ್ತಿಲ್ಲ.

ನಿಮ್ಮ ಮಗಳು,
ತ್ರಿಶಲಾ